ಗಾಯ ಕಾಲಿನಲ್ಲಿ, ಬದಲಾವಣೆ ಬೆನ್ನುಹುರಿಯಲ್ಲಿ: ಉರಿಯೂತದ ನೋವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಕುಮಟಾ, ಅಂಕೋಲಾ, ಸಿದ್ದಾಪುರದ ಕಡೆ ಆರೋಗ್ಯದ ಬಗ್ಗೆ ಮಾತಾಡಲು ಹೋದಾಗಲೆಲ್ಲ ನೋವಿನ ಪ್ರಶ್ನೆಗಳೇ ಜಾಸ್ತಿ ಬರುತ್ತವೆ. ಬಾವು, ಊತ, ಮಾತ್ರೆ, ಇಂಜೆಕ್ಷನ್ ಬಗ್ಗೆ ಜನರಿಗೆ ಸಾಕಷ್ಟು ಗೊತ್ತಿರುತ್ತದೆ. ಬೆನ್ನುಹುರಿಯ ಸುದ್ದಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಬಾವು ಬಂದ ಜಾಗದ ಜೊತೆಗೆ ಬೆನ್ನುಹುರಿಯೂ ಬದಲಾಗುತ್ತದೆ. ಆ ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲೂ ಬರುವುದಿಲ್ಲ. ಹಾಗಾಗಿ ನೋಯುವವರ ಮಾತನ್ನು ಪಕ್ಕದವರು ನಂಬುವುದಿಲ್ಲ. ನನಗೆ ಬೇಸರ ತರುವ ಸಂಗತಿ ಅದು. ಕೆಳಗಿನ ಉತ್ತರಗಳನ್ನು ಬರೆದದ್ದು ಮುಖ್ಯವಾಗಿ ಅದಕ್ಕೇ.

ಉರಿಯೂತದ ನೋವು ಅಂದರೆ ಯಾವ ನೋವು?

ಗಾಯ, ಸೋಂಕು, ಸಂಧಿವಾತ ಅಥವಾ ಆಪರೇಷನ್ ಆದ ಮೇಲೆ ಒಂದು ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದಲ್ಲ, ಅದೇ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಬೆರಳಿನಲ್ಲಿ ಕೀವು ಕಟ್ಟಿದರೆ ಬರುವ ನೋವು ಇದು. ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವವರ ಕಾಲಿಗೆ ಚಿಪ್ಪು ಕೊಯ್ದು, ಕಾಲು ಬಾತುಕೊಂಡಾಗ ಬರುವ ನೋವೂ ಇದೇ. ಚಿಕುನ್‌ಗುನ್ಯಾ ಬಂದವರ ಗಂಟುನೋವು, ಹುಳುಕು ಹಲ್ಲಿನ ನೋವು ಕೂಡ ಇದೇ ಗುಂಪಿಗೆ ಸೇರುತ್ತವೆ.

ಮುಳ್ಳು ಚುಚ್ಚಿದ ಕ್ಷಣದ ನೋವು ಬೇರೆ. ಮುಳ್ಳು ತೆಗೆದರೆ ಅದು ಹೋಗುತ್ತದೆ. ಉರಿಯೂತದಲ್ಲಿ ಗಾಯದ ಜಾಗದ ಜೀವಕೋಶಗಳು ಮತ್ತು ಅಲ್ಲಿಗೆ ಬಂದು ಸೇರಿದ ಬಿಳಿ ರಕ್ತಕಣಗಳು ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್, ಇಂಟರ್‌ಲ್ಯೂಕಿನ್‌ನಂಥ ರಾಸಾಯನಿಕಗಳನ್ನು ಬಿಡುತ್ತವೆ. ಅವು ನೋವಿನ ನರದ ತುದಿಯನ್ನು ಅತಿ ಚುರುಕು ಮಾಡುತ್ತವೆ. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಬಿಸಿಗೆ ಎಚ್ಚರವಾಗುವ ನರದ ತುದಿ ಆಗ ಉಗುರುಬೆಚ್ಚಗಿನ ನೀರಿಗೂ ಕೂಗುತ್ತದೆ.

ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವು, ಇವು ನರಕ್ಕೇ ಪೆಟ್ಟಾಗಿ ಬರುವಂಥವು. ಇವುಗಳ ಮದ್ದು ಬೇರೆ. ಇಲ್ಲಿ ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಗಾಯ ಇರುವುದು ಕಾಲಿನಲ್ಲಿ. ಬೆನ್ನುಹುರಿಗೆ ಅಲ್ಲೇನು ಕೆಲಸ?

ಕಾಲಿನಿಂದ ಮಿದುಳಿಗೆ ಹೋಗುವ ನೋವಿನ ಸುದ್ದಿ ಮೊದಲು ನಿಲ್ಲುವುದು ಬೆನ್ನುಹುರಿಯಲ್ಲಿ. ನೋವಿನ ಸುದ್ದಿ ತರುವ ನರಗಳಲ್ಲಿ ಎರಡು ಬಗೆ. ತೆಳು ಹೊದಿಕೆಯ ಎ-ಡೆಲ್ಟಾ ನರ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತದೆ. ಹೊದಿಕೆ ಇಲ್ಲದ ಸಿ ನರದ ವೇಗ ಸೆಕೆಂಡಿಗೆ 0.5ರಿಂದ 2 ಮೀಟರ್ ಮಾತ್ರ. ಕಾಲ್ಬೆರಳು ಕಲ್ಲಿಗೆ ಎಡವಿದಾಗ ಮೊದಲು ಚುಳ್ ಅನ್ನುತ್ತದೆ, ಸ್ವಲ್ಪ ತಡೆದು ಉರಿಯುವ ನೋವು ಬರುತ್ತದೆ. ಆ ತಡ ಇದರಿಂದಲೇ. ಉರಿಯೂತದ ನೋವಿನಲ್ಲಿ ಸಿ ನರಗಳದ್ದೇ ದೊಡ್ಡ ಪಾಲು.

ಈ ನರಗಳು ಬೆನ್ನುಹುರಿಯ ಹಿಂಭಾಗದಲ್ಲಿ, ಡಾರ್ಸಲ್ ಹಾರ್ನ್ ಎಂಬ ಜಾಗಕ್ಕೆ ಬಂದು ಸೇರುತ್ತವೆ. 1952ರಲ್ಲಿ ಸ್ವೀಡನ್ನಿನ ಬ್ರೋರ್ ರೆಕ್ಸೆಡ್ ಬೆಕ್ಕಿನ ಬೆನ್ನುಹುರಿಯನ್ನು ನೋಡಿ ಅದರಲ್ಲಿ ಪದರಗಳನ್ನು ಗುರುತಿಸಿದರು. ನೋವಿನ ನರಗಳು ಮುಖ್ಯವಾಗಿ ಮೇಲಿನ ಎರಡು ಪದರಗಳಲ್ಲಿ ಮುಗಿಯುತ್ತವೆ. ಅಲ್ಲಿಂದ ಮುಂದೆ ಬೇರೆ ನರಕೋಶ ಶುರು. ಎರಡರ ನಡುವೆ ಒಂದು ಸಣ್ಣ ಸಂದು ಇದೆ. ಸುದ್ದಿ ಆ ಸಂದು ದಾಟುವುದು ರಾಸಾಯನಿಕಗಳ ಮೂಲಕ. ದಾಟುವಾಗ ಅದು ಹೆಚ್ಚಾಗಬಹುದು, ಕಡಿಮೆಯಾಗಬಹುದು, ಪೂರ್ತಿ ನಿಂತೂ ಹೋಗಬಹುದು.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದನ್ನೇ ಗೇಟ್ ಕಂಟ್ರೋಲ್ ಸಿದ್ಧಾಂತ ಅಂತ ಮುಂದಿಟ್ಟರು. ಅದರ ಕೆಲವು ವಿವರಗಳನ್ನು ಆಮೇಲೆ ತಿದ್ದಬೇಕಾಯಿತು. ಬೆನ್ನುಹುರಿ ನೋವನ್ನು ಸುಮ್ನೆ ಮೇಲಕ್ಕೆ ದಾಟಿಸುವುದಿಲ್ಲ, ಅಳೆದು ತೂಗಿ ಕಳಿಸುತ್ತದೆ ಅನ್ನುವ ಮೂಲ ಮಾತು ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ರಿಸೆಪ್ಟರ್ ಅಂದರೆ ಏನು?

ನರಕೋಶದ ಹೊರಪೊರೆಯಲ್ಲಿ ಕೂತಿರುವ ಪ್ರೋಟೀನು. ತನಗೆ ಹೊಂದುವ ರಾಸಾಯನಿಕ ಬಂದು ಅಂಟಿದಾಗ ಅದು ಕೆಲಸ ಶುರು ಮಾಡುತ್ತದೆ. ಡಾರ್ಸಲ್ ಹಾರ್ನ್‌ನಲ್ಲಿ ಎರಡು ಪಂಗಡ ಇವೆ ಅಂದುಕೊಳ್ಳಿ. ಎಎಂಪಿಎ, ಎನ್‌ಎಂಡಿಎ ಮತ್ತು ಎನ್‌ಕೆ-1 ರಿಸೆಪ್ಟರ್‌ಗಳು ನೋವಿನ ಸುದ್ದಿಯನ್ನು ಮುಂದಕ್ಕೆ ತಳ್ಳುತ್ತವೆ. ಮೊದಲ ಎರಡಕ್ಕೆ ಗ್ಲುಟಮೇಟ್ ಬೇಕು, ಮೂರನೆಯದಕ್ಕೆ ಸಬ್‌ಸ್ಟೆನ್ಸ್ ಪಿ; ಎರಡೂ ನೋವಿನ ನರದ ತುದಿ ಬಿಡುವ ರಾಸಾಯನಿಕಗಳು. ಗಾಬಾ, ಗ್ಲೈಸಿನ್, ಓಪಿಯಾಯ್ಡ್ ಮತ್ತು ಆಲ್ಫಾ-2 ರಿಸೆಪ್ಟರ್‌ಗಳು ಅದೇ ಸುದ್ದಿಯನ್ನು ತಡೆಯುತ್ತವೆ. ಆರೋಗ್ಯವಂತರಲ್ಲಿ ತಡೆಯುವ ಪಂಗಡ ಹಗಲೂ ರಾತ್ರಿ ಕೆಲಸ ಮಾಡುತ್ತಿರುತ್ತದೆ. ಅದರಿಂದಲೇ ಅಂಗಿ ಮೈಗೆ ತಾಗಿದರೆ ನಮಗೆ ನೋಯುವುದಿಲ್ಲ.

ಉರಿಯೂತ ಬಂದಾಗ ಈ ರಿಸೆಪ್ಟರ್‌ಗಳಲ್ಲಿ ಏನು ಬದಲಾಗುತ್ತದೆ?

ಇಡೀ ವಿಷಯದ ತಿರುಳು ಇಲ್ಲಿದೆ. ನಿಧಾನವಾಗಿ ಓದಿ.

ಮೊದಲು ಎನ್‌ಎಂಡಿಎ. ಮಾಮೂಲಿ ದಿನಗಳಲ್ಲಿ ಇದರ ರಂಧ್ರದಲ್ಲಿ ಒಂದು ಮೆಗ್ನೀಸಿಯಂ ಕಣ ಅಡ್ಡ ಕೂತಿರುತ್ತದೆ. ಗ್ಲುಟಮೇಟ್ ಬಂದರೂ ದಾರಿ ಬಿಡುವುದಿಲ್ಲ. ಗಾಯದಿಂದ ಸಿ ನರಗಳು ಒಂದೇ ಸಮನೆ ಸುದ್ದಿ ಕಳಿಸುತ್ತಿದ್ದರೆ ನರಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಆ ಕಣ ಜಾಗ ಬಿಟ್ಟು ಹೋಗುತ್ತದೆ. ಆಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಮುಂದಿನ ಹೆಚ್ಚಿನ ಬದಲಾವಣೆಗಳನ್ನು ಶುರು ಮಾಡುವುದು ಆ ಕ್ಯಾಲ್ಸಿಯಂ. ಸೆಕೆಂಡು ಎರಡು ಸೆಕೆಂಡಿಗೊಮ್ಮೆ ಸಿ ನರವನ್ನು ಕೆಣಕುತ್ತಾ ಹೋದರೆ ಬೆನ್ನುಹುರಿಯ ಉತ್ತರ ಪ್ರತಿ ಸಲವೂ ದೊಡ್ಡದಾಗುತ್ತಾ ಹೋಗುತ್ತದೆ. ಇದನ್ನು 1966ರಲ್ಲೇ ಲೋರ್ನ್ ಮೆಂಡೆಲ್ ವರದಿ ಮಾಡಿದ್ದರು. ವೈಂಡ್-ಅಪ್ ಅಂತ ಇದಕ್ಕೆ ಹೆಸರು. ಇದರ ಹಿಂದೆ ಎನ್‌ಎಂಡಿಎ ಇದೆ ಅಂತ ಗೊತ್ತಾದದ್ದು ಬಹಳ ಆಮೇಲೆ. ಉರಿಯೂತ ಮುಂದುವರಿದರೆ ಈ ರಿಸೆಪ್ಟರ್‌ನ ಒಂದು ಭಾಗಕ್ಕೆ ಫಾಸ್ಫೇಟ್ ಅಂಟಿಕೊಂಡು ಅದು ಇನ್ನಷ್ಟು ಸುಲಭವಾಗಿ ತೆರೆಯುತ್ತದೆ.

ಎಎಂಪಿಎ ಕಥೆ ಇನ್ನೂ ಸ್ವಾರಸ್ಯದ್ದು. ನರಕೋಶದ ಒಳಗೆ ಈ ರಿಸೆಪ್ಟರ್‌ಗಳ ದಾಸ್ತಾನು ಇರುತ್ತದೆ. ಮೀನು ಜಾಸ್ತಿ ಬಂದ ದಿನ ಬೈತಖೋಲ ಬಂದರಿನಲ್ಲಿ ಒಳಗೆ ಕೂತಿದ್ದ ಆಳುಗಳನ್ನೂ ದೋಣಿ ನಿಲ್ಲುವ ಧಕ್ಕೆಗೆ ಕರೆಯುತ್ತಾರಲ್ಲ, ಹಾಗೆ ಸುದ್ದಿ ಜಾಸ್ತಿ ಬಂದಾಗ ದಾಸ್ತಾನಿನಲ್ಲಿದ್ದವನ್ನು ಹೊರಪೊರೆಗೆ ತರಲಾಗುತ್ತದೆ. ಬರುವವು ಗ್ಲುಎ1 ಎಂಬ ಭಾಗ ಇರುವಂಥವು. ಅದೇ ಹೊತ್ತಿಗೆ ಗ್ಲುಎ2 ಇರುವವು ಒಳಕ್ಕೆ ಹೋಗುತ್ತವೆ. ಈ ಅದಲುಬದಲು ಯಾಕೆ ಮುಖ್ಯ ಅಂದರೆ, ಕ್ಯಾಲ್ಸಿಯಂ ಒಳಗೆ ಬರದಂತೆ ತಡೆಯುವುದು ಗ್ಲುಎ2. ಅದು ಇಲ್ಲದ ಎಎಂಪಿಎ ಕ್ಯಾಲ್ಸಿಯಂ ಅನ್ನು ಬಿಟ್ಟುಕೊಳ್ಳುತ್ತದೆ. ಪಾದಕ್ಕೆ ಉರಿಯೂತ ಬರಿಸಿದ ಇಲಿಗಳಲ್ಲಿ ಸುಮಾರು ಒಂದು ದಿನದ ಹೊತ್ತಿಗೆ ಈ ಬದಲಾವಣೆ ಕಾಣುತ್ತದೆ. ಗ್ಲುಎ2 ಒಳಕ್ಕೆ ಹೋಗದಂತೆ ತಡೆದರೆ ಮುಂದುವರಿಯುವ ನೋವು ಕಡಿಮೆಯಾಗುತ್ತದೆ ಅಂತಲೂ ತೋರಿಸಿದ್ದಾರೆ. ಇಲ್ಲಿ ಹೊಸ ನರ ಹುಟ್ಟಿಲ್ಲ, ಇದ್ದ ನರ ಸತ್ತಿಲ್ಲ. ಪ್ರೋಟೀನುಗಳು ಜಾಗ ಬದಲಿಸಿವೆ, ಅಷ್ಟೇ. ಅಷ್ಟರಿಂದಲೇ ನೋವು ಏರುತ್ತದೆ. ಜಾಗ ಬದಲಿಸಿದ್ದು ಮತ್ತೆ ಮೊದಲಿನ ಜಾಗಕ್ಕೆ ಬರಬಹುದು. ನನಗೆ ಇದರಲ್ಲಿ ದೊಡ್ಡ ಭರವಸೆ ಕಾಣುತ್ತದೆ.

ಎನ್‌ಕೆ-1 ಬಗ್ಗೆ ಸ್ವಲ್ಪ. ಬೆನ್ನುಹುರಿಯ ಮೊದಲ ಪದರದಿಂದ ಮಿದುಳಿಗೆ ಸುದ್ದಿ ಒಯ್ಯುವ ನರಕೋಶಗಳಲ್ಲಿ ಸುಮಾರು 80 ಶೇಕಡಾದಲ್ಲಿ ಇದು ಇದೆ. ಉರಿಯೂತ ಇರುವಾಗ ಇದರ ಸಂಖ್ಯೆ ಹೆಚ್ಚುತ್ತದೆ. 1997ರಲ್ಲಿ ಇಲಿಗಳಲ್ಲಿ ಈ ರಿಸೆಪ್ಟರ್ ಇರುವ ಕೋಶಗಳನ್ನಷ್ಟೇ ನಾಶ ಮಾಡಿ ನೋಡಿದಾಗ ಮಾಮೂಲಿ ನೋವು ಹೆಚ್ಚು ಕಡಿಮೆ ಹಾಗೇ ಉಳಿಯಿತು, ಅತಿಸೂಕ್ಷ್ಮತೆ, ಅಂದರೆ ಸಣ್ಣದಕ್ಕೂ ಜೋರಾಗಿ ನೋಯುವುದು, ಮಾತ್ರ ಬಹಳ ಇಳಿಯಿತು.

ಕೊನೆಗೆ ತಡೆಯುವ ಪಂಗಡ. ಉರಿಯೂತದ ಪರಿಣಾಮವಾಗಿ ಬೆನ್ನುಹುರಿಯೊಳಗೇ ಕಾಕ್ಸ್-2 ಎಂಬ ಕಿಣ್ವ ಹೆಚ್ಚುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಅದಕ್ಕೆ ಇಂಟರ್‌ಲ್ಯೂಕಿನ್-1 ಬೀಟಾ ಕಾರಣ. ಕಾಕ್ಸ್-2 ತಯಾರಿಸುವ ಪ್ರೊಸ್ಟಗ್ಲಾಂಡಿನ್ ಇ2 ಅಲ್ಲಿನ ಗ್ಲೈಸಿನ್ ರಿಸೆಪ್ಟರ್‌ನ ಆಲ್ಫಾ-3 ಎಂಬ ಬಗೆಯನ್ನು ಸುಮ್ಮನಾಗಿಸುತ್ತದೆ. ಇದು 2004ರ ಶೋಧ. ಆಲ್ಫಾ-3 ಇಲ್ಲದ ಇಲಿಗಳಲ್ಲಿ ಪ್ರೊಸ್ಟಗ್ಲಾಂಡಿನ್‌ಗೆ ಸುಮ್ಮನಾಗಿಸಲು ಆ ಬಗೆಯೇ ಇರಲಿಲ್ಲ, ಹಾಗಾಗಿ ಉರಿಯೂತದ ನೋವು ಬೇಗ ಇಳಿಯಿತು. ಅಂದರೆ ಉರಿಯೂತ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ತಳ್ಳುವವರಿಗೆ ಬಲ ಕೊಡುತ್ತದೆ, ತಡೆಯುವವರ ಕೈ ಕಟ್ಟುತ್ತದೆ.

ಗಾಯದ ಸುತ್ತ ಸರಿಯಾಗಿರುವ ಚರ್ಮವೂ ಯಾಕೆ ನೋಯುತ್ತದೆ? ಸೊಸೆ ಸುಮ್ನೆ ಹೇಳ್ತಾಳೆ ಅಂತ ಮನೆಯಲ್ಲಿ ಅನ್ನುತ್ತಾರೆ.

ಸುಮ್ನೆ ಹೇಳುತ್ತಿಲ್ಲ. ದಯವಿಟ್ಟು ಅವರನ್ನು ನಂಬಿ.

1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಯ ಪಾದಕ್ಕೆ ಸುಟ್ಟ ಗಾಯ ಮಾಡಿ, ಬೆನ್ನುಹುರಿಯ ಉತ್ತರವನ್ನು ಅಳೆದರು. ಗಾಯ ಇಲ್ಲದ ಜಾಗ ಮುಟ್ಟಿದರೂ ಉತ್ತರ ಜೋರಾಗಿತ್ತು. ಗಾಯದ ಜಾಗದಿಂದ ಬರುವ ಸುದ್ದಿಯನ್ನು ಮರಗಟ್ಟಿಸುವ ಮದ್ದಿನಿಂದ ನಿಲ್ಲಿಸಿದ ಮೇಲೂ ಆ ಅತಿಸೂಕ್ಷ್ಮತೆ ಪೂರ್ತಿ ಹೋಗಲಿಲ್ಲ. ಬದಲಾವಣೆ ಬೆನ್ನುಹುರಿಯಲ್ಲಿ ಆಗಿತ್ತು. ಇದನ್ನು ಸೆಂಟ್ರಲ್ ಸೆನ್ಸಿಟೈಸೇಷನ್ ಅನ್ನುತ್ತಾರೆ.

ಒಂದು ಡಾರ್ಸಲ್ ಹಾರ್ನ್ ಕೋಶಕ್ಕೆ ಗಾಯದ ಜಾಗದಿಂದಲೂ ಅಕ್ಕಪಕ್ಕದ ಜಾಗದಿಂದಲೂ ಎಳೆಗಳು ಬಂದು ಸೇರುತ್ತವೆ. ಮಾಮೂಲಿ ದಿನಗಳಲ್ಲಿ ಅಕ್ಕಪಕ್ಕದ ಎಳೆಗಳ ಸುದ್ದಿ ಕ್ಷೀಣ, ಕೋಶ ಅದಕ್ಕೆ ಓಗೊಡುವುದಿಲ್ಲ. ರಿಸೆಪ್ಟರ್‌ಗಳು ಬದಲಾದ ಮೇಲೆ ಅದೇ ಕ್ಷೀಣ ಸುದ್ದಿಯೂ ಸಾಕಾಗುತ್ತದೆ. ಸ್ಪರ್ಶದ ಸುದ್ದಿ ತರುವ ಎ-ಬೀಟಾ ನರಗಳೂ ನೋವಿನ ಕೋಶವನ್ನು ಎಬ್ಬಿಸತೊಡಗುತ್ತವೆ. ಹಾಗಾಗಿ ಸೀರೆಯ ಸೆರಗು ತಾಗಿದರೂ ನೋಯುತ್ತದೆ. ವೈದ್ಯರು ಹತ್ತಿಯ ಎಳೆಯಿಂದ ಗಾಯದ ಸುತ್ತ ಸವರಿ ಪರೀಕ್ಷೆ ಮಾಡುವುದು ಇದನ್ನು ತಿಳಿಯಲಿಕ್ಕೇ.

ಊತ ಇಳಿದ ಮೇಲೂ ಕೆಲವು ದಿನ ನೋವು ಉಳಿಯುವುದಕ್ಕೂ ಇದೇ ಒಂದು ಕಾರಣ. ಅಡಿಕೆ ಸುಗ್ಗಿಯಲ್ಲಿ ಇಡೀ ದಿನ ಕೂತು ಸುಲಿಯುವ ಹೆಂಗಸರು ಈ ನೋವು ಹೇಳಿಕೊಂಡರೆ ‘ಕೆಲಸ ತಪ್ಪಿಸೋಕೆ’ ಅನ್ನುವ ಮಾತು ಕೇಳಿಸುತ್ತದೆ. ಆ ಮಾತು ತಪ್ಪು. ವಿಜ್ಞಾನದ ಲೆಕ್ಕದಲ್ಲೂ ತಪ್ಪು.

ನೋವಿನ ಮಾತ್ರೆ ಕೆಲಸ ಮಾಡುವುದು ಗಾಯದ ಜಾಗದಲ್ಲೋ, ಬೆನ್ನುಹುರಿಯಲ್ಲೋ?

ಎರಡೂ ಕಡೆ. ಆಸ್ಪಿರಿನ್ ಗುಂಪಿನ ಮದ್ದುಗಳು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ನಿಲ್ಲಿಸುತ್ತವೆ ಅಂತ 1971ರಲ್ಲಿ ಜಾನ್ ವೇನ್ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಎಲ್ಲ ಇದೇ ಗುಂಪಿನವು. ಗಾಯದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಇಳಿದರೆ ನರದ ತುದಿ ಶಾಂತವಾಗುತ್ತದೆ. ಬೆನ್ನುಹುರಿಯಲ್ಲಿ ಇಳಿದರೆ ಮೇಲೆ ಹೇಳಿದ ಗ್ಲೈಸಿನ್ ರಿಸೆಪ್ಟರ್‌ಗೆ ಮತ್ತೆ ಕೆಲಸ ಮಾಡಲು ಆಗುತ್ತದೆ.

ಆದರೆ ನಮ್ಮ ಜಿಲ್ಲೆಯವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಜ್ವರದ ಜೊತೆ ಮೈಕೈ ನೋವು ಬಂದರೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಬೇಡಿ. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಥರದ ಮದ್ದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಸಿದ್ದಾಪುರದ ಕಡೆ ಕಾಡುವ ಮಂಗನ ಕಾಯಿಲೆಯಲ್ಲೂ ರಕ್ತಸ್ರಾವ ಆಗಬಹುದು. ಮಳೆಗಾಲದ ಇಲಿಜ್ವರ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಈ ಮಾತ್ರೆಗಳೂ ಮೂತ್ರಪಿಂಡಕ್ಕೆ ಭಾರ. ಯಾವ ಜ್ವರ ಅಂತ ಗೊತ್ತಾಗುವ ತನಕ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು.

ಜ್ವರ ಇಲ್ಲದಿದ್ದರೂ ಹೊಟ್ಟೆ ಹುಣ್ಣು, ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು ಕೇಳದೆ ತೆಗೆದುಕೊಳ್ಳಬಾರದು. ಗರ್ಭಿಣಿಯರೂ ಹಾಗೇ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಸಂಧಿವಾತದ ಪುಡಿಗಳಿಂದ ದೂರ ಇರಿ. ಒಂದೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಯೋಚಿಸಬೇಕು.

ಮೆಣಸಿನ ಸಾರ ಇರುವ ಮುಲಾಮು ಹಚ್ಚಿದರೆ ನೋವು ಹೇಗೆ ಕಡಿಮೆಯಾಗುತ್ತದೆ? ಮೆಣಸೇ ಉರಿ ಅಲ್ವಾ?

ಹೌದು, ಮೊದಲು ಉರಿಯುತ್ತದೆ. ಮೆಣಸಿನ ಕ್ಯಾಪ್ಸೈಸಿನ್ ಟಿಆರ್‌ಪಿವಿ1 ಎಂಬ ರಿಸೆಪ್ಟರ್‌ಗೆ ಅಂಟುತ್ತದೆ. ಬಿಸಿಯನ್ನು ಗುರುತಿಸುವುದೂ ಅದೇ. 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಇದನ್ನು ಕಂಡುಹಿಡಿಯಿತು. 2021ರ ನೊಬೆಲ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಸಿಕ್ಕಿತು. ಪದೇ ಪದೇ ಹಚ್ಚಿದರೆ ನರದ ತುದಿ ದಣಿದು ಉತ್ತರ ಕೊಡುವುದನ್ನು ಕಡಿಮೆ ಮಾಡುತ್ತದೆ, ಬೆನ್ನುಹುರಿಗೆ ಹೋಗುವ ಸುದ್ದಿಯೂ ಇಳಿಯುತ್ತದೆ. ಸವೆದ ಮಂಡಿಯ ನೋವಿಗೆ ಕೆಲವರಿಗೆ ಉಪಯೋಗ ಆಗುತ್ತದೆ. ಮನೆಯ ಮೆಣಸಿನಪುಡಿ ಕಲಸಿ ಹಚ್ಚಬೇಡಿ, ಚರ್ಮ ಸುಡುತ್ತದೆ. ಗಾಯದ ಮೇಲೆ, ಕಣ್ಣಿನ ಹತ್ತಿರ ಮುಲಾಮನ್ನೂ ಹಚ್ಚಬಾರದು.

ಮಾರ್ಫಿನ್ ಅಂದರೆ ಹೆದರಿಕೆ. ಅದನ್ನು ಬೆನ್ನುಹುರಿಗೇ ಕೊಡುತ್ತಾರಂತೆ, ಹೌದಾ?

ಹೌದು, ಬಹಳ ಕಡಿಮೆ ಪ್ರಮಾಣದಲ್ಲಿ. ನಮ್ಮ ದೇಹವೇ ಎನ್‌ಕೆಫಾಲಿನ್‌ನಂಥ ಮಾರ್ಫಿನ್ ಜಾತಿಯ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವುಗಳಿಗೆ ಅಂತಲೇ ಡಾರ್ಸಲ್ ಹಾರ್ನ್‌ನಲ್ಲಿ ಮ್ಯೂ ಎಂಬ ಓಪಿಯಾಯ್ಡ್ ರಿಸೆಪ್ಟರ್‌ಗಳಿವೆ. ಅವುಗಳಲ್ಲಿ ಬಹುಪಾಲು ಕೂತಿರುವುದು ಬರುವ ನರದ ತುದಿಯಲ್ಲೇ. ಮಾರ್ಫಿನ್ ಅಂಟಿದರೆ ಆ ತುದಿಗೆ ಕ್ಯಾಲ್ಸಿಯಂ ಬರುವುದು ಕಡಿಮೆಯಾಗುತ್ತದೆ, ಗ್ಲುಟಮೇಟ್ ಮತ್ತು ಸಬ್‌ಸ್ಟೆನ್ಸ್ ಪಿ ಬಿಡುಗಡೆಯೂ ಇಳಿಯುತ್ತದೆ. ಆಚೆ ಬದಿಯ ಕೋಶದಲ್ಲಿ ಪೊಟ್ಯಾಸಿಯಂ ಹೊರಹೋಗಿ ಅದು ಸುಮ್ಮನಾಗುತ್ತದೆ. ಬೆನ್ನುಹುರಿಗೆ ನೇರ ಕೊಟ್ಟರೂ ಮಾರ್ಫಿನ್ ನೋವು ತಡೆಯುತ್ತದೆ ಅಂತ 1976ರಲ್ಲಿ ಯಾಕ್ಶ್ ಮತ್ತು ರೂಡಿ ಇಲಿಗಳಲ್ಲಿ ತೋರಿಸಿದರು. ಈಗ ಸಿಸೇರಿಯನ್ ವೇಳೆ ಬೆನ್ನಿಗೆ ಕೊಡುವ ಮದ್ದಿನ ಜೊತೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗದ ಆಸುಪಾಸು ಮಾರ್ಫಿನ್ ಸೇರಿಸುವ ರೂಢಿ ಹಲವು ಕಡೆ ಇದೆ. ಅಷ್ಟರಿಂದಲೇ ಹಲವು ಗಂಟೆ ಆರಾಮ ಸಿಗುತ್ತದೆ. ತುರಿಕೆ, ವಾಕರಿಕೆ ಬರಬಹುದು. ಅಪರೂಪಕ್ಕೆ ಉಸಿರಾಟ ನಿಧಾನವಾಗಬಹುದು, ಆದ್ದರಿಂದ ನಿಗಾ ಇಡುತ್ತಾರೆ.

ತಿಂಗಳುಗಟ್ಟಲೆ ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡರೆ ಈ ರಿಸೆಪ್ಟರ್‌ಗಳೂ ಹೊಂದಿಕೊಂಡುಬಿಡುತ್ತವೆ. ಮದ್ದು ಸಾಕಾಗುವುದಿಲ್ಲ. ಕೆಲವರಲ್ಲಿ ನೋವಿನ ಸೂಕ್ಷ್ಮತೆಯೇ ಹೆಚ್ಚುತ್ತದೆ, ಅದರಲ್ಲಿ ಎನ್‌ಎಂಡಿಎ ಪಾತ್ರವೂ ಇದೆ. ಹಾಗಾಗಿ ಸಂಧಿವಾತಕ್ಕೆ ವರ್ಷಗಟ್ಟಲೆ ಕೊಡುವ ಮದ್ದು ಇದಲ್ಲ. ಕ್ಯಾನ್ಸರ್ ನೋವಿನ ಮಾತು ಬೇರೆ. ಅಲ್ಲಿ ಮಾರ್ಫಿನ್ ಮಾತ್ರೆ ನಿರಾಕರಿಸುವುದು ಕ್ರೂರ. 1985ರ ಮಾದಕ ವಸ್ತು ಕಾಯ್ದೆಯ ಕಟ್ಟುಪಾಡುಗಳಿಂದ ದೇಶದಲ್ಲಿ ಅದು ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲ ಮಾಡಿದೆ. ಕೇಳಿ ಪಡೆಯಿರಿ.

ಹೆರಿಗೆ ಆಪರೇಷನ್‌ಗೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ಇವತ್ತಿಗೂ ಸೊಂಟ ನೋವು. ನಿಜವೇ?

ಘಟ್ಟದ ಮೇಲೂ ಕೆಳಗೂ ತಪ್ಪದೆ ಕೇಳುವ ಪ್ರಶ್ನೆ ಇದು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರು ಮತ್ತು ನಾಲ್ಕನೇ ಮೂಳೆಯ ನಡುವೆ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರಬಹುದು. ಕೆಲವರಿಗೆ ಎದ್ದು ಕೂತಾಗ ತಲೆನೋವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ವರ್ಷಗಟ್ಟಲೆ ಉಳಿಯುವ ಸೊಂಟ ನೋವಿಗೆ ಈ ಇಂಜೆಕ್ಷನ್ ಕಾರಣ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಸಿರಿನಲ್ಲಿ ಸಡಿಲಾದ ಕೀಲುಗಳು, ಬಗ್ಗಿ ಮಗು ಎತ್ತುವುದು, ನಿದ್ದೆಗೇಡು, ಕೂತು ಹಾಲುಣಿಸುವ ರೀತಿ, ಇವು ದೊಡ್ಡ ಕಾರಣಗಳು. ನೋವಂತೂ ನಿಜ. ಇಂಜೆಕ್ಷನ್ ಮೇಲೆ ತಪ್ಪು ಹೊರಿಸಿ ಸುಮ್ಮನಾದರೆ ಆ ತಾಯಿಗೆ ಸಿಗಬೇಕಾದ ವ್ಯಾಯಾಮ, ಆರೈಕೆ ಸಿಗುವುದಿಲ್ಲ.

ಗ್ಯಾಬಪೆಂಟಿನ್, ಕೆಟಮಿನ್ ಅಂತ ಬರೆಯುತ್ತಾರಲ್ಲ, ಅವು?

ಗ್ಯಾಬಪೆಂಟಿನ್ ಹೆಸರಿನಲ್ಲಿ ಗಾಬಾ ಇದ್ದರೂ ಅದು ಅಂಟುವುದು ಕ್ಯಾಲ್ಸಿಯಂ ಚಾನೆಲ್‌ನ ಆಲ್ಫಾ-2-ಡೆಲ್ಟಾ ಎಂಬ ಭಾಗಕ್ಕೆ. ನರಕ್ಕೆ ಪೆಟ್ಟಾದ ನೋವಿಗೆ ಸರಿ, ಬರೀ ಬಾವಿನ ನೋವಿಗೆ ಅಲ್ಲ. ಕೆಟಮಿನ್ ಎನ್‌ಎಂಡಿಎಯನ್ನು ತಡೆಯುತ್ತದೆ. ಆಸ್ಪತ್ರೆಯಲ್ಲಿ, ಅರಿವಳಿಕೆ ತಜ್ಞರ ಕೈಯಲ್ಲಿ ಮಾತ್ರ.

ಉಜ್ಜಿದರೆ, ಬಿಸಿನೀರು ಹಾಕಿದರೆ ಆರಾಮ ಅನ್ನಿಸುವುದು ಯಾಕೆ?

ಉಜ್ಜಿದಾಗ ಸ್ಪರ್ಶದ ದಪ್ಪ ನರಗಳು ಬೆನ್ನುಹುರಿಯಲ್ಲಿ ತಡೆಯುವ ಕೋಶಗಳನ್ನು ಎಬ್ಬಿಸುತ್ತವೆ. ಅವು ಗಾಬಾ, ಗ್ಲೈಸಿನ್ ಬಿಟ್ಟು ನೋವಿನ ಸುದ್ದಿಯನ್ನು ಇಳಿಸುತ್ತವೆ. ಹಳೆಯ ಗಂಟುನೋವಿಗೆ ಎಣ್ಣೆ ನೀವಿ ಬಿಸಿನೀರು ಹಾಕಿಕೊಳ್ಳುವುದು ಒಳ್ಳೆಯದೇ. ಕೀವು ಕಟ್ಟಿದ ಜಾಗ, ಮೂಳೆ ಮುರಿದ ಅನುಮಾನ, ಒಂದೇ ಕಾಲು ಥಟ್ಟನೆ ಊದಿಕೊಂಡದ್ದು, ಇವನ್ನು ಉಜ್ಜಬಾರದು. ಇನ್ನೊಂದು ಮಾತು. ಬೆನ್ನುಹುರಿ ಅತಿಸೂಕ್ಷ್ಮವಾದ ಹಂತದಲ್ಲಿ ಉಜ್ಜಿದರೆ ನೋವು ಏರಲೂಬಹುದು. ಮೇಲೆ ಹೇಳಿದ ಎ-ಬೀಟಾ ವಿಷಯ ನೆನಪಿರಲಿ. ನೋಯಿಸಿದರೆ ನಿಲ್ಲಿಸಿ.

ಧೈರ್ಯ ಹೇಳಿದರೆ ನೋವು ಇಳಿಯುತ್ತದೆಯೇ? ಹಾಗಾದರೆ ನೋವು ಮನಸ್ಸಿನದ್ದೇ?

ಇಳಿಯುತ್ತದೆ, ಮತ್ತು ಅದು ನಡೆಯುವುದು ದೇಹದಲ್ಲೇ. ಮಿದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿದು ಬರುವ ನರಗಳಿವೆ. ಅವು ನಾರ್‌ಅಡ್ರಿನಲಿನ್, ಸೆರೊಟೋನಿನ್ ಬಿಡುತ್ತವೆ. ನಾರ್‌ಅಡ್ರಿನಲಿನ್ ಆಲ್ಫಾ-2 ರಿಸೆಪ್ಟರ್ ಮೂಲಕ ನೋವು ತಡೆಯುತ್ತದೆ. ಸೆರೊಟೋನಿನ್ ಯಾವ ರಿಸೆಪ್ಟರ್‌ಗೆ ಅಂಟಿತು ಅನ್ನುವುದರ ಮೇಲೆ ತಡೆಯಲೂಬಹುದು, ಹೆಚ್ಚಿಸಲೂಬಹುದು. 2009ರಲ್ಲಿ ಜರ್ಮನಿಯ ಸಂಶೋಧಕರು ಜನರ ಕೈಗೆ ಮದ್ದಿಲ್ಲದ ಮುಲಾಮು ಹಚ್ಚಿ, ಇದು ನೋವಿನ ಮುಲಾಮು ಅಂತ ನಂಬಿಸಿ ಸ್ಕ್ಯಾನ್ ಮಾಡಿದರು. ಬೆನ್ನುಹುರಿಯಲ್ಲೇ ನೋವಿನ ಚಟುವಟಿಕೆ ಇಳಿದಿತ್ತು. ಒಳ್ಳೆಯ ಮಾತು ಬೆನ್ನುಹುರಿಯ ತನಕ ಮುಟ್ಟುತ್ತದೆ. ಭಯ, ನಿದ್ದೆಗೇಡು, ಅವಮಾನ ಕೂಡ ಮುಟ್ಟುತ್ತವೆ.

ಇದೆಲ್ಲ ಇಲಿಗಳ ಮೇಲಿನ ಪ್ರಯೋಗ. ಮನುಷ್ಯರಿಗೆ ಅನ್ವಯ ಆಗುತ್ತದೆಯೇ?

ಕೆಲವು ಆಗಿದೆ, ಕೆಲವು ಆಗಿಲ್ಲ. ಎನ್‌ಕೆ-1 ತಡೆಯುವ ಮದ್ದುಗಳು ಪ್ರಾಣಿಗಳಲ್ಲಿ ನೋವು ಇಳಿಸಿದವು. ಮನುಷ್ಯರ ಪರೀಕ್ಷೆಯಲ್ಲಿ ನೋವಿಗೆ ಸೋತವು. ಅದೇ ಗುಂಪಿನ ಅಪ್ರೆಪಿಟಂಟ್ 2003ರಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಮದ್ದಾಯಿತು. ಎಎಂಪಿಎ ಜಾಗ ಬದಲಿಸುವುದನ್ನು ತಡೆಯುವ ಮದ್ದು ಅಂಗಡಿಗೆ ಬಂದಿಲ್ಲ. ಎಎಂಪಿಎ, ಎನ್‌ಎಂಡಿಎ ಮಿದುಳಿನ ತುಂಬ ಇವೆ, ನೆನಪಿನ ಕೆಲಸಕ್ಕೂ ಬೇಕು. ಬೆನ್ನುಹುರಿಯಲ್ಲಿ ಮಾತ್ರ ತಡೆಯುವುದೇ ಕಷ್ಟ. ಇನ್ನೊಂದು ಕೊರತೆಯೂ ಇದೆ. ಬಹಳ ವರ್ಷ ಗಂಡು ಪ್ರಾಣಿಗಳ ಮೇಲೆಯೇ ಪ್ರಯೋಗ ನಡೆಯಿತು. ಗಂಡಿಲಿ ಹೆಣ್ಣಿಲಿಗಳ ಬೆನ್ನುಹುರಿ ನೋವನ್ನು ಬೇರೆ ಬೇರೆ ದಾರಿಯಲ್ಲಿ ನಡೆಸಬಹುದು ಅಂತ ಆಮೇಲೆ ಕಂಡಿತು. ದೀರ್ಘ ಕಾಲದ ನೋವು ಹೆಣ್ಣುಮಕ್ಕಳಲ್ಲಿ ಹೆಚ್ಚು ಇರುವಾಗ ಇದು ಸಣ್ಣ ತಪ್ಪಲ್ಲ. ಸೆಂಟ್ರಲ್ ಸೆನ್ಸಿಟೈಸೇಷನ್ ಮಾತ್ರ ಮನುಷ್ಯರಲ್ಲೂ ಚೆನ್ನಾಗಿ ತೋರಿಸಿರುವ ಸಂಗತಿ.

ಹಾಗಾದರೆ ನೋವನ್ನು ತಡೆದುಕೊಳ್ಳುವುದು ಒಳ್ಳೆಯದೋ, ಬೇಗ ಮದ್ದು ಮಾಡುವುದೋ?

ಬೇಗ ಮದ್ದು ಮಾಡಿ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು, ದೋಣಿಯವರು ಭುಜ, ಮಂಡಿ ಬಾತುಕೊಂಡಿದ್ದರೂ ಹಲ್ಲುಕಚ್ಚಿ ಕೆಲಸ ಮಾಡುತ್ತಾರೆ. ಸುದ್ದಿ ನಿಲ್ಲದೆ ಬರುತ್ತಿದ್ದರೆ ಬೆನ್ನುಹುರಿಯ ರಿಸೆಪ್ಟರ್‌ಗಳು ಬದಲಾದ ಸ್ಥಿತಿಯಲ್ಲೇ ಉಳಿಯುತ್ತವೆ. ಮುಖ್ಯವಾಗಿ ಬೇಕಾದದ್ದು ಉರಿಯೂತದ ಮೂಲಕ್ಕೆ ಮದ್ದು. ಕೀವಿದ್ದರೆ ತೆಗೆಯಬೇಕು, ಹಲ್ಲು ಹಾಳಾಗಿದ್ದರೆ ಹಲ್ಲಿಗೆ ಚಿಕಿತ್ಸೆ ಆಗಬೇಕು. ಬೆಳಿಗ್ಗೆ ಎದ್ದಾಗ ಬೆರಳುಗಳು ಬಹಳ ಹೊತ್ತು ಬಿಗಿಯಾಗಿದ್ದು, ಎರಡೂ ಕೈಯ ಗಂಟುಗಳು ಬಾತುಕೊಂಡಿದ್ದರೆ ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಮೆಥೋಟ್ರೆಕ್ಸೇಟ್‌ನಂಥ ಮದ್ದು ಬೇಗ ಶುರುವಾದರೆ ಕೀಲು ಉಳಿಯುತ್ತದೆ. ಆ ಮಾತ್ರೆ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಮನೆಯ ಎಲ್ಲರಿಗೂ ಇದು ಗೊತ್ತಿರಲಿ.

ಊತ ಇಳಿದ ಮೇಲೆ ನಿಧಾನವಾಗಿ ಚಲನೆ ಶುರು ಮಾಡಬೇಕು. ಮೊದಲ ದಿನಗಳಲ್ಲಿ ಸ್ವಲ್ಪ ನೋಯುತ್ತದೆ. ಬೆನ್ನುಹುರಿ ಇನ್ನೂ ಶಾಂತವಾಗಿಲ್ಲ ಅಂತ ಸಾಮಾನ್ಯವಾಗಿ ಅದರ ಅರ್ಥ, ಕೀಲು ಹಾಳಾಗುತ್ತಿದೆ ಅಂತ ಅಲ್ಲ. ಫಿಸಿಯೋಥೆರಪಿಯವರ ಹತ್ತಿರ ಎಷ್ಟು ಮಾಡಬೇಕು ಅಂತ ಕೇಳಿಕೊಳ್ಳಿ.

ನಮ್ಮ ಜಿಲ್ಲೆಯಲ್ಲಿ ಯಾರ ಹತ್ತಿರ ಹೋಗಬೇಕು? ಏನು ಹೇಳಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ. ಅಲ್ಲಿಂದ ಮುಂದೆ ಬೇಕಾದರೆ ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ಆದರೂ ನಮ್ಮ ಜನ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡುವುದು ನಿಂತಿಲ್ಲ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೇಳುತ್ತಿರುವುದು ಅದಕ್ಕೇ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಇಳಿದು ಹತ್ತುವುದು ಮಂಡಿ ಬಾತುಕೊಂಡವರಿಗೆ ಸಣ್ಣ ಮಾತಲ್ಲ. ಹಾಗಾಗಿ ಹೋದ ಒಂದು ಭೇಟಿಯಲ್ಲೇ ಪೂರ್ತಿ ಹೇಳಿ. ನೋವು ಯಾವಾಗ ಶುರುವಾಯಿತು, ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು, ಊತ ಇಲ್ಲದ ಜಾಗವೂ ನೋಯುತ್ತದೆಯೇ, ಬಟ್ಟೆ ತಾಗಿದರೆ ನೋಯುತ್ತದೆಯೇ, ರಾತ್ರಿ ನಿದ್ದೆ ಬರುತ್ತದೆಯೇ, ಈಗಾಗಲೇ ಯಾವ ಮಾತ್ರೆ ಎಷ್ಟು ದಿನ ತಿಂದಿರಿ. ಬಟ್ಟೆ ತಾಗಿದರೆ ನೋಯುವ ವಿಷಯವನ್ನು ಜನ ನಾಚಿಕೆಯಿಂದ ಬಿಟ್ಟುಬಿಡುತ್ತಾರೆ. ವೈದ್ಯರಿಗೆ ಬೆನ್ನುಹುರಿಯ ಸ್ಥಿತಿ ಗೊತ್ತಾಗುವುದು ಅದೇ ಮಾತಿನಿಂದ.

ಕೆಲವು ಲಕ್ಷಣಗಳಿಗೆ ಕಾಯಬಾರದು. ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ ಊದಿಕೊಂಡರೆ, ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಯ ಒಳಭಾಗ ಮರಗಟ್ಟಿದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.